ಕಸಿ ಗಿಡ ಮಾರಹೊರಟ ಮೊಮ್ಮಗಳಿಗೆ

ತೋಟಗಾರಿಕೆ ಪದವಿ ಮುಗಿಸಿದ ನಿನ್ನ ಗೆಳತಿಯರೆಲ್ಲ ಒಂದಲ್ಲ ಒಂದು ಪರೀಕ್ಷೆಗೆ ಓದುತ್ತಾ ಕೂತಿರುವಾಗ, ನೀನು ಶ್ರೀನಿವಾಸಪುರದ ರಸ್ತೆ ಪಕ್ಕದ ನಮ್ಮ ಅರ್ಧ ಎಕರೆಯಲ್ಲಿ ಹಣ್ಣಿನ ಗಿಡಗಳ ನರ್ಸರಿ ಮಾಡುತ್ತೇನೆ ಅಂದೆ. ನಿಮ್ಮಪ್ಪ ಮುಖ ಗಂಟು ಹಾಕಿಕೊಂಡ. ನನಗೆ ಖುಷಿಯಾಯಿತು. ಶೇಡ್‌ನೆಟ್ ಯಾವುದು, ಕವರಿನ ಅಳತೆ ಎಷ್ಟು, ತೆಂಗಿನ ನಾರಿನ ಪುಡಿ ಎಲ್ಲಿ ಸಿಗುತ್ತೆ, ಸಬ್ಸಿಡಿ ಅರ್ಜಿ ಹೇಗೆ ಹಾಕಬೇಕು, ಇವೆಲ್ಲ ನನಗಿಂತ ನಿನಗೇ ಚೆನ್ನಾಗಿ ಗೊತ್ತು. ಅದರಲ್ಲಿ ನಾನು ಬಾಯಿ ಹಾಕುವುದಿಲ್ಲ. ಆದರೆ ಈ ಕಸುಬಿನಲ್ಲಿ ಪರೀಕ್ಷೆಗೆ ಬಾರದ ಒಂದು ವಿಷಯ ಇದೆ. ಅದನ್ನು ಹೇಳಿಯೇ ಬಿಡುತ್ತೇನೆ. ಕೇಳುವುದು ಬಿಡುವುದು ನಿನಗೆ ಸೇರಿದ್ದು.

ಸೀರೆಯ ಬಣ್ಣ ಬಿಟ್ಟರೆ ಮೊದಲ ಒಗೆತಕ್ಕೇ ಗೊತ್ತಾಗುತ್ತೆ, ಅಂಗಡಿಗೆ ಹೋಗಿ ಜಗಳವಾಡಬಹುದು. ಮಾವಿನ ಕಸಿ ಗಿಡ ಹಾಗಲ್ಲ ಕಣಮ್ಮ. ಬಾದಾಮಿ ಅಂತ ನೀನು ಕೊಟ್ಟದ್ದು ಬಾದಾಮಿಯೇ ಹೌದೋ ಅಲ್ಲವೋ ಅಂತ ರೈತನಿಗೆ ಗೊತ್ತಾಗುವ ಹೊತ್ತಿಗೆ ನಾಲ್ಕೈದು ವರ್ಷ ಕಳೆದಿರುತ್ತೆ. ಅಷ್ಟರೊಳಗೆ ಅವನು ಗುಂಡಿ ತೋಡಿಸಿ, ಗೊಬ್ಬರ ತುಂಬಿಸಿ, ಎರಡು ಮೂರು ಬೇಸಿಗೆ ಟ್ಯಾಂಕರಿನಲ್ಲಿ ನೀರು ಹೊಡೆಸಿ, ದನ ಮೇಕೆ ಕಾದಿರುತ್ತಾನೆ. ಮೊದಲ ಕಾಯಿ ಹಣ್ಣಾಗಿ ಕೊಯ್ದು ನೋಡಿದರೆ ಒಳಗೆ ಬರೀ ನಾರು. ಅವನು ಯಾರ ಮೇಲೆ ಕೂಗಾಡಬೇಕು? ರಸೀದಿ ಯಾವಾಗಲೋ ಕಳೆದುಹೋಗಿರುತ್ತೆ. ಗಿಡ ಕೊಟ್ಟವನು ಅಂಗಡಿ ಎತ್ತಿ ಬೇರೆ ಊರು ಸೇರಿರುತ್ತಾನೆ. ಹೀಗೆ ಮೋಸಹೋಗಿ ನನ್ನ ಹತ್ತಿರ ಬಂದು ಅಳದ ಗಂಡಸರೇ ಇಲ್ಲ ಅನ್ನಬೇಕು. ಅವರಿಗೆ ಹೊಸ ಗಿಡ ಪುಕ್ಕಟೆ ಕೊಟ್ಟೆ ಅಂತಲೇ ಇಟ್ಟುಕೋ, ಹೋದ ಐದು ವರ್ಷ ಕೊಡುವವರು ಯಾರು? ಗಿಡದ ಬೆಲೆ ನೂರು ರೂಪಾಯಿ ಇರಬಹುದು. ಮಾರುವವನು ನಿಜಕ್ಕೂ ಮಾರುವುದು ಐದು ವರ್ಷ ತಾಳುವ ಒಂದು ಮಾತನ್ನು.

ಇದನ್ನು ನನಗೆ ಮನಗಾಣಿಸಿದ್ದು ನಾನೆಂದೂ ಕಾಣದ ಒಬ್ಬ ಮನುಷ್ಯ. ಅಮೆರಿಕದ ಒರೆಗಾನ್ ರಾಜ್ಯದ ಹಿಲ್ಸ್‌ಬರೋದಲ್ಲಿ ನಿನ್ನ ಚಿಕ್ಕಪ್ಪ ಚಿಪ್ ಕಂಪನಿಯ ಕೆಲಸದಲ್ಲಿದ್ದಾನಲ್ಲ, ಅವನ ಮನೆಗೆ ಹೋದಾಗ ಒಂದು ಬುಟ್ಟಿ ಚೆರ್ರಿ ತಂದಿಟ್ಟ. ಕಪ್ಪಿಗೆ ತಿರುಗಿದ ಕೆಂಪು, ದಪ್ಪ ದಪ್ಪ ಹಣ್ಣು. ಕಚ್ಚಿದರೆ ಗಟ್ಟಿ, ರಸ ಅಂಗಿಗೆ ಬಿದ್ದರೆ ಕಲೆ ಹೋಗುವುದಿಲ್ಲ. ಬಿಂಗ್ ಅಂತ ಅದರ ಹೆಸರಂತೆ. ಎಲ್ಲಿಯ ತಳಿ ಇದು ಅಂದರೆ, ಇಲ್ಲೇ ಪೋರ್ಟ್‌ಲೆಂಡಿನ ಪಕ್ಕದ ಮಿಲ್ವಾಕಿ ಊರಿನ ಒಂದು ನರ್ಸರಿಯದ್ದು ಅಂದ. ಗಿಡದವನಿಗೆ ಅಷ್ಟು ಸಾಕಲ್ಲ. ಅಲ್ಲಿಂದ ಹಿಡಿದ ಎಳೆ ಹೆಂಡರ್ಸನ್ ಲ್ಯುವೆಲಿಂಗ್ ಎಂಬುವವನ ತನಕ ಹೋಯಿತು. ಅಮೆರಿಕದ ಪಡುವಣ ಕರಾವಳಿಯ ಕಡೆಗೆ ಕಸಿ ಮಾಡಿದ ಹಣ್ಣಿನ ಗಿಡಗಳನ್ನು ಎತ್ತಿನ ಬಂಡಿಯಲ್ಲಿ ಕೊಂಡೊಯ್ದವನು ಅವನು.

ಹುಟ್ಟಿದ್ದು 1809ರಲ್ಲಿ, ನಾರ್ತ್ ಕ್ಯಾರೊಲೈನಾದಲ್ಲಿ. ಕ್ವೇಕರ್ ಪಂಥದ ಮನೆತನ. ದೊಡ್ಡವರ ಜೊತೆ ಇಂಡಿಯಾನಾಕ್ಕೆ ಬಂದ, ಅಲ್ಲಿಂದ ಅಯೋವಾದ ಸೇಲಂ ಎಂಬ ಹಳ್ಳಿಗೆ ಹೋಗಿ ತಮ್ಮನ ಜೊತೆ ಸೇರಿ ನರ್ಸರಿ ಹಾಕಿದ. ಗುಲಾಮಗಿರಿಯ ಕಡು ವಿರೋಧಿ. ಪಕ್ಕದ ಮಿಸೌರಿಯಿಂದ ತಪ್ಪಿಸಿಕೊಂಡು ಬಂದ ಗುಲಾಮರಿಗೆ ಅವನ ಕಲ್ಲಿನ ಮನೆಯಲ್ಲಿ ಅಡಗಲು ಜಾಗ ಇತ್ತು. ಆ ಮನೆ ಈಗಲೂ ನಿಂತಿದೆ. ಇಷ್ಟು ಬಿರುಸು ಬೇಡ ಅಂತ ಅವನ ಪಂಥದವರೇ ಅವನಿಂದ ದೂರ ಸರಿದರು. ಇದನ್ನು ಯಾಕೆ ಹೇಳಿದೆ ಅಂದರೆ, ಅವನು ಬರೀ ಗಿಡ ಮಾರುವ ಸಾಧು ಮನುಷ್ಯ ಅಂತ ನೀನು ತಿಳಿಯಬಾರದು. ಒಮ್ಮೆ ತಲೆಗೆ ಹೊಕ್ಕರೆ ಬಿಡದ ಜಾತಿ. ಆ ಹಟವೇ ಅವನನ್ನು ಎತ್ತಿತು, ಕೊನೆಗೆ ಅದೇ ಅವನ ಗಂಟನ್ನೂ ಕರಗಿಸಿತು. ಆ ಮಾತಿಗೆ ಆಮೇಲೆ ಬರುತ್ತೇನೆ.

1847ರ ಏಪ್ರಿಲ್‌ನಲ್ಲಿ ಅವನು ಹೆಂಡತಿ ಎಲಿಜಬೆತ್, ಎಂಟು ಮಕ್ಕಳನ್ನು ಕಟ್ಟಿಕೊಂಡು ಒರೆಗಾನ್‌ಗೆ ಹೊರಟ. ಎರಡು ಸಾವಿರ ಮೈಲಿಗೆ ಹತ್ತಿರದ ದಾರಿ. ಬಯಲು, ಮರಳುಗಾಡು, ಬೆಟ್ಟಸಾಲು. ಆ ಕಾಲದಲ್ಲಿ ಪಶ್ಚಿಮಕ್ಕೆ ಹೊರಟವರು ಬಂಡಿಯಲ್ಲಿ ಹಿಟ್ಟು, ಹಂದಿ ಮಾಂಸ, ಕಾಫಿ, ನೇಗಿಲು ತುಂಬಿಕೊಳ್ಳುತ್ತಿದ್ದರು. ಹಣ್ಣು ಬೇಕೆಂದವರು ಒಂದು ಚೀಲದಲ್ಲಿ ಬೀಜ ಹಾಕಿಕೊಳ್ಳುತ್ತಿದ್ದರು. ಬೀಜಕ್ಕೆ ತೂಕವಿಲ್ಲ, ನೀರು ಬೇಡ. ಲ್ಯುವೆಲಿಂಗ್ ಹಾಗೆ ಮಾಡಲಿಲ್ಲ. ಒಂದು ಬಂಡಿಯನ್ನು ಪೂರ್ತಿ ಗಿಡಗಳಿಗೇ ಬಿಟ್ಟ.

ಆ ಬಂಡಿಯನ್ನು ಅವನು ಕಟ್ಟಿದ್ದು ಹೇಗೆ ಅಂತ ಸ್ವಲ್ಪ ನಿಂತು ನೋಡು. ಬಂಡಿಯ ತಳದ ಅಗಲಕ್ಕೆ ಸರಿಯಾಗಿ ಎರಡು ಮರದ ಪೆಟ್ಟಿಗೆ, ಒಂದೊಂದೂ ಹನ್ನೆರಡು ಅಂಗುಲ ಆಳ. ಅದರೊಳಗೆ ಮಣ್ಣು, ಮಣ್ಣಿಗೆ ಬೆರೆಸಿದ ಇದ್ದಿಲ ಪುಡಿ. ಇದ್ದಿಲು ಯಾಕೆ ಅಂತ ನಿನಗೆ ಹೇಳಬೇಕಿಲ್ಲ: ತೂಕ ಇಳಿಯುತ್ತೆ, ತೇವ ಹಿಡಿಯುತ್ತೆ, ಬೇರಿಗೆ ಗಾಳಿಯಾಡುತ್ತೆ. ಅದರಲ್ಲಿ ಇಪ್ಪತ್ತು ಅಂಗುಲದಿಂದ ನಾಲ್ಕು ಅಡಿ ಎತ್ತರದವರೆಗಿನ ಸುಮಾರು 700 ಗಿಡ. ಸೇಬು, ಪೇರ್, ಚೆರ್ರಿ, ಪ್ಲಮ್, ಪೀಚ್, ಜೊತೆಗೆ ದ್ರಾಕ್ಷಿ ಮತ್ತಿತರ ಹಣ್ಣಿನ ಪೊದೆಗಳು. ಎತ್ತುಗಳು ಚಿಗುರಿಗೆ ಬಾಯಿ ಹಾಕದಂತೆ ಸುತ್ತಲೂ ಗಟ್ಟಿ ಮರದ ತೆಳು ಪಟ್ಟಿಗಳ ತಡಿಕೆ. ಮೂರು ಜೊತೆ ಎತ್ತು. ದಿನಾ ನೀರು. ನೀರು ಹತ್ತಿರ ಸಿಗಲಿ ಸಿಗದಿರಲಿ, ದಿನಾ ನೀರು. ಬೀಡುಬಿಟ್ಟ ಕಡೆ ಹೊಳೆ ಇಲ್ಲವೆಂದರೆ ಮನುಷ್ಯರಿಗೂ ಎತ್ತುಗಳಿಗೂ ಹಂಚಿ ಉಳಿದದ್ದಲ್ಲ, ಗಿಡದ ಪಾಲನ್ನೂ ಸೇರಿಸಿಯೇ ಲೆಕ್ಕ.

ಅಷ್ಟೆಲ್ಲ ಪಾಡು ಪಡುವ ಬದಲು ಬೀಜವನ್ನೇ ಯಾಕೆ ಒಯ್ಯಲಿಲ್ಲ? ಇಲ್ಲಿಯೇ ಇರುವುದು ವಿಷಯ. ಸೇಬಿನ ಬೀಜ ಬಿತ್ತಿದರೆ ಸೇಬೇ ಬರುತ್ತೆ, ತಾಯಿಮರದ ಸೇಬು ಬರುವುದಿಲ್ಲ. ನಮ್ಮ ಬಾದಾಮಿಯ ಓಟೆ ನೆಟ್ಟರೆ ಬಾದಾಮಿ ಬರುವುದೆಂಬ ಭರವಸೆ ಇಲ್ಲವಲ್ಲ, ಹಾಗೆಯೇ. ಅದೇ ಕಾಲದ ಸ್ವಲ್ಪ ಹಿಂದೆ ಜಾನ್ ಚಾಪ್ಮನ್ ಎಂಬುವವನಿದ್ದ. 'ಜಾನಿ ಆ್ಯಪಲ್‌ಸೀಡ್' ಅಂತ ಮಕ್ಕಳ ಕಥೆಗಳಲ್ಲೆಲ್ಲ ಬರುತ್ತಾನೆ. ಒಹಾಯೊ, ಇಂಡಿಯಾನಾ ಕಡೆಯೆಲ್ಲ ಬರಿಗಾಲಲ್ಲಿ ಸುತ್ತಿ ಸೇಬಿನ ಬೀಜ ಬಿತ್ತಿ, ಸಸಿ ಮಾಡಿ ಮಾರಿದವನು. ಕಸಿ ಮಾಡುವುದೆಂದರೆ ಗಿಡಕ್ಕೆ ಹಿಂಸೆ ಎಂಬುದು ಅವನ ನಂಬಿಕೆಯಾಗಿತ್ತಂತೆ. ಒಳ್ಳೆಯ ಮನುಷ್ಯ, ಅವನ ಮೇಲೆ ನನಗೆ ಗೌರವವಿದೆ. ಆದರೆ ಅವನ ಮರಗಳ ಹಣ್ಣು ಬಹುಪಾಲು ಹುಳಿ. ಹಿಂಡಿ ಸೈಡರ್ ಎಂಬ ಮದ್ಯ ಮಾಡಲು ಅಡ್ಡಿಯಿಲ್ಲ, ತಟ್ಟೆಯಲ್ಲಿಟ್ಟು ನೆಂಟರಿಗೆ ಕೊಡಲಾಗದು. ಒರೆಗಾನ್‌ನಲ್ಲೂ ಲ್ಯುವೆಲಿಂಗ್ ಹೋಗುವ ಮುಂಚೆ ಹಣ್ಣಿನ ಮರಗಳಿರಲಿಲ್ಲ ಅಂತಲ್ಲ. ಹಡ್ಸನ್ಸ್ ಬೇ ಕಂಪನಿಯವರ ಫೋರ್ಟ್ ವ್ಯಾಂಕೂವರಿನಲ್ಲಿ ಬೀಜದಿಂದ ಎದ್ದ ಸೇಬಿನ ಮರಗಳಿದ್ದವು. ಇಲ್ಲದಿದ್ದದ್ದು ಹೆಸರು ಹಿಡಿದು ಕರೆಯಬಹುದಾದ, ಈ ಮರದ ಹಣ್ಣು ಹೀಗೆಯೇ ಇರುತ್ತೆ ಅಂತ ಮೊದಲೇ ಹೇಳಬಹುದಾದ ಮರ. ಅದನ್ನು ಒಯ್ಯಲು ಬೀಜದ ಚೀಲ ಸಾಲದು, ಜೀವಂತ ಗಿಡವೇ ಹೋಗಬೇಕು.

ದಾರಿಯಲ್ಲಿ ಆದದ್ದು ಕೇಳು. ಪಾಲುದಾರನಾಗಿ ಜೊತೆಗೆ ಬಂದಿದ್ದ ಜಾನ್ ಫಿಶರ್ ಪ್ಲ್ಯಾಟ್ ನದಿಯ ಬಯಲಲ್ಲಿ ತೀರಿಕೊಂಡ. ಎರಡು ಎತ್ತು ಸತ್ತವು. ಗಿಡದ ಬಂಡಿ ಭಾರ, ಎಲ್ಲರಿಗಿಂತ ನಿಧಾನ. ಜೊತೆಯವರಿಗೆ ಚಳಿಗಾಲ ಬರುವುದರೊಳಗೆ ಬೆಟ್ಟ ದಾಟುವ ಆತುರ. ಗುಂಪಿನಲ್ಲಿದ್ದ ಒಬ್ಬ ಪಾದ್ರಿ ಬಂದು, ಈ ಗಿಡಗಳನ್ನು ಎಸೆದುಬಿಡು, ಇಲ್ಲದಿದ್ದರೆ ಎತ್ತುಗಳೆಲ್ಲ ಸಾಯುತ್ತವೆ ಎಂದು ಬುದ್ಧಿ ಹೇಳಿದ. ಲ್ಯುವೆಲಿಂಗ್ ಕೂಗಾಡಲಿಲ್ಲ. ಹೆಂಡತಿ ಮಕ್ಕಳ ಜೀವಕ್ಕೆ ಕುತ್ತು ಬರುವ ತನಕ ಗಿಡಗಳನ್ನು ಬಿಡುವುದಿಲ್ಲ ಎಂಬಂಥ ಉತ್ತರ ಕೊಟ್ಟನೆಂದು ಅವನ ಮಗ ಮುಂದೆ ನೆನೆಸಿಕೊಂಡಿದ್ದಾನೆ. ಆಮೇಲೆ ಯಾರೂ ಆ ಮಾತೆತ್ತಲಿಲ್ಲ. ಆ ಉತ್ತರ ನನಗೆ ಬಹಳ ಇಷ್ಟ. ಪ್ರಾಣ ಹೋದರೂ ಬಿಡೆನೆಂಬ ನಾಟಕದ ಮಾತಲ್ಲ ಅದು. ಎಲ್ಲಿಯ ತನಕ ತಾಳುತ್ತೇನೆ, ಎಲ್ಲಿ ಕೈಬಿಡುತ್ತೇನೆ ಅಂತ ಹೊರಡುವ ಮುಂಚೆಯೇ ಗಟ್ಟಿ ಮಾಡಿಕೊಂಡವನ ಮಾತು. ಬ್ಯಾಂಕಿನಲ್ಲಿ ಸಾಲಕ್ಕೆ ಸಹಿ ಹಾಕುವ ಮುಂಚೆ ನೀನೂ ಆ ಗೆರೆ ಎಲ್ಲಿದೆ ಅಂತ ಬರೆದಿಟ್ಟುಕೋ. ಅಜ್ಜಿಯ ಒಡವೆ ಆ ಗೆರೆಯ ಆಚೆ ಇರಲಿ.

ಗಿಡಗಳಿದ್ದ ಕಾರಣಕ್ಕೇ ದಾರಿಯಲ್ಲಿ ಮೂಲನಿವಾಸಿಗಳು ಈ ಬಂಡಿಯನ್ನು ಮುಟ್ಟಲಿಲ್ಲ, ಮರದಲ್ಲಿ ದೇವರಿದ್ದಾನೆಂದು ಅವರ ನಂಬಿಕೆ ಎಂಬ ಕಥೆಯೊಂದನ್ನು ಅಲ್ಲಿಯವರು ಹೇಳುತ್ತಾರೆ. ನನಗೆ ಅದು ಅಷ್ಟು ರುಚಿಸುವುದಿಲ್ಲ. ಮೂಲನಿವಾಸಿಗಳ ನೆಲಕ್ಕೇ ಹೋಗಿ ಬೇಲಿ ಹಾಕಿಕೊಂಡವರು ಅವರ ಬಾಯಲ್ಲಿ ಇಟ್ಟ ಮಾತಿನ ಹಾಗೆ ಕೇಳಿಸುತ್ತೆ. ಅದಿರಲಿ.

ಕೊಲಂಬಿಯಾ ನದಿಯ ದಡದ ಡ್ಯಾಲ್ಸ್ ಎಂಬಲ್ಲಿಗೆ ಬಂದಾಗ ಮುಂದೆ ಬಂಡಿ ಹೋಗದು, ದೋಣಿಯೇ ಗತಿ. ಅಲ್ಲಿ ಗಿಡಗಳನ್ನು ಪೆಟ್ಟಿಗೆಯಿಂದ ಒಂದೊಂದಾಗಿ ಬಿಡಿಸಿ, ಹಿಮಕ್ಕೆ ಸಿಗದಂತೆ, ಕೈ ತಾಗಿ ನಲುಗದಂತೆ ಬಟ್ಟೆ ಸುತ್ತಿ ದೋಣಿಗೆ ಹಾಕಿದರು. ನವೆಂಬರ್ 17ಕ್ಕೆ ವಿಲಾಮೆಟ್ ಕಣಿವೆಯ ಬಾಗಿಲಿಗೆ ತಲುಪಿದರು. ಉಳಿದದ್ದು ಹೆಚ್ಚುಕಡಿಮೆ ಅರ್ಧ ಗಿಡ. ತಲುಪಿದ ಸ್ವಲ್ಪ ದಿನಕ್ಕೇ ಎಲಿಜಬೆತ್ ಒಂಬತ್ತನೇ ಮಗುವನ್ನು ಹೆತ್ತಳು. ಅಂದರೆ ಆ ತಾಯಿ ಬಸುರಿಯಾಗಿ ಆ ಇಡೀ ದಾರಿ ಸವೆಸಿದ್ದಾಳೆ! ಮಗುವಿಗೆ ಒರೆಗಾನ್ ಕೊಲಂಬಿಯಾ ಅಂತ ಹೆಸರಿಟ್ಟರು. ಕೆಲವೇ ವರ್ಷಗಳಲ್ಲಿ ಎಲಿಜಬೆತ್ ತೀರಿಕೊಂಡಳು. ಲ್ಯುವೆಲಿಂಗ್‌ನ ಬಗ್ಗೆ ಬರೆದವರು ಗಿಡಗಳ ಲೆಕ್ಕವನ್ನು ಎಷ್ಟು ಪ್ರೀತಿಯಿಂದ ಬರೆಯುತ್ತಾರೋ ಆಕೆಯ ಬಗ್ಗೆ ಅಷ್ಟು ಬರೆಯುವುದಿಲ್ಲ. ನಿನ್ನ ನರ್ಸರಿಯಲ್ಲಿ ಬೆಳಗ್ಗೆ ಏಳಕ್ಕೇ ಬಂದು ಕವರಿಗೆ ಮಣ್ಣು ತುಂಬುವ ಹೆಂಗಸರಿರುತ್ತಾರಲ್ಲ, ಅವರ ಕೂಲಿ ಶನಿವಾರ ಸಂಜೆ ತಪ್ಪಬಾರದು. ಗಿರಾಕಿ ಬಾಕಿ ಇಟ್ಟಿದ್ದಾನೆ ಎಂಬುದು ಅವರಿಗೆ ಹೇಳುವ ಕಾರಣವಲ್ಲ.

1848ರಲ್ಲಿ ಮಿಲ್ವಾಕಿಯಲ್ಲಿ ದೊಡ್ಡ ದೊಡ್ಡ ಫರ್ ಮರಗಳ ಕಾಡು ಕಡಿದು ಗಿಡಗಳನ್ನು ನೆಟ್ಟ. ಬೇರೆಯಾಗಿ ಕೆಲವು ಕಸಿ ಗಿಡ ತಂದಿದ್ದ ವಿಲಿಯಂ ಮೀಕ್ ಅದೇ ವರ್ಷ ಅಳಿಯನೂ ಆದ, ಪಾಲುದಾರನೂ ಆದ. ಆಗ ಎದುರಾದ ಕಷ್ಟವೇ ಬೇರೆ: ಕಸಿಕಡ್ಡಿ ಕೈಯಲ್ಲಿದೆ, ಕಟ್ಟಲು ಬೇರುಸಸಿ ಇಲ್ಲ. ನಮ್ಮಲ್ಲಿಯಾದರೆ ಜ್ಯೂಸ್ ಫ್ಯಾಕ್ಟರಿಯ ಮುಂದೆ ನಾಟಿ ಮಾವಿನ ಓಟೆ ಗುಡ್ಡೆ ಬಿದ್ದಿರುತ್ತೆ. ಅವರಿಗೆ ಬೇರೆ ವಲಸಿಗರು ಪೂರ್ವದಿಂದ ತಂದ ಸೇಬು, ಪೇರ್ ಬೀಜ ಸಿಗುವ ತನಕ ಕಾಯಬೇಕಾಯಿತು. ಬೀಜದ ಸಸಿ ಬೆಳೆದು, ಅದರ ಮೇಲೆ ಕಸಿ ಕಟ್ಟಿ, ಆಮೇಲೆ ನರ್ಸರಿ ಕೈ ತುಂಬಿತು. ಅಷ್ಟರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಚಿನ್ನ ಸಿಕ್ಕಿ ಊರೆಲ್ಲ ಅತ್ತ ಓಡಿತ್ತು. ಚಿನ್ನ ತೋಡಲು ಹೋದವರಲ್ಲಿ ಎಷ್ಟೋ ಜನ ಬರಿಗೈಲಿ ಬಂದರು. ಗಿಡ ಹಿಡಿದು ಕೂತ ಇವರ ಬಾಗಿಲಿಗೆ ಚಿನ್ನ ತಾನಾಗಿ ಬಂತು. 1853ರಲ್ಲಿ ನಾಲ್ಕು ಬುಷೆಲ್ ಸೇಬು ಸ್ಯಾನ್ ಫ್ರಾನ್ಸಿಸ್ಕೊಗೆ ಕಳಿಸಿದರೆ 500 ಡಾಲರ್ ಬಂತಂತೆ. ನಾಲ್ಕು ಬುಷೆಲ್ ಅಂದರೆ ಹೆಚ್ಚುಕಡಿಮೆ ಎಂಬತ್ತು ಕೆಜಿ ಅಷ್ಟೇ! ತಿಂಗಳುಗಟ್ಟಲೆ ಉಪ್ಪು ಮಾಂಸ, ಒಣ ರೊಟ್ಟಿ ತಿಂದ ಗಣಿಯವನಿಗೆ ಒಂದು ತಾಜಾ ಸೇಬಿಗೆ ಎಷ್ಟು ಕೊಟ್ಟರೂ ಕಡಿಮೆಯೇ.

ಆ ಬೆಲೆ ಹೆಚ್ಚು ದಿನ ನಿಲ್ಲಲಿಲ್ಲ. ನಿಲ್ಲದ ಹಾಗೆ ಮಾಡಿದವರಲ್ಲಿ ಅವರೂ ಇದ್ದರು, ಅದು ನೋಡು ತಮಾಷೆ. ಹಣ್ಣು ಮಾರುತ್ತಲೇ ಗಿಡವನ್ನೂ ಮಾರಿದರು. ಕೊಂಡವರ ತೋಟ ಫಲಕ್ಕೆ ಬಂತು, ಕ್ಯಾಲಿಫೋರ್ನಿಯಾದ ತೋಟಗಳೂ ಬಂದವು, ಸೇಬು ಅಗ್ಗವಾಯಿತು. ನರ್ಸರಿಯವನು ತನ್ನ ಪೈಪೋಟಿಯವನನ್ನು ತಾನೇ ಕವರಿನಲ್ಲಿ ಬೆಳೆಸಿ ಕೊಡುತ್ತಾನೆ. ಇದು ಸಹಿಸದವರಿಗೆ ಈ ಕಸುಬು ಆಗದು. ಹೊಸ ತಳಿ ಕೈಗೆ ಬಂದರೆ ನಾಲ್ಕು ವರ್ಷ ಯಾರಿಗೂ ಕೊಡದೆ ಬಚ್ಚಿಟ್ಟು ದುಡ್ಡು ಮಾಡೋಣ ಅಂತ ನಿನಗೆ ಸಲಹೆ ಕೊಡುವವರು ಬರುತ್ತಾರೆ. ಹಾಗೆ ಬಚ್ಚಿಟ್ಟವರ ಹತ್ತಿರ ಕಸಿಕಡ್ಡಿ ಕೇಳಲು ಮತ್ತೆ ಯಾರೂ ಹೋಗುವುದಿಲ್ಲ, ಅವರಿಗೂ ಯಾರೂ ಕೊಡುವುದಿಲ್ಲ. ನಮ್ಮಲ್ಲಿ ಡಾ. ಎಂ.ಎಚ್. ಮರಿಗೌಡರು 1963ರಿಂದ 1974ರ ತನಕ ತೋಟಗಾರಿಕೆ ನಿರ್ದೇಶಕರಾಗಿದ್ದಾಗ ಜಿಲ್ಲೆ ಜಿಲ್ಲೆಯಲ್ಲಿ ಇಲಾಖೆಯ ಫಾರಂ, ನರ್ಸರಿಗಳನ್ನು ಮಾಡಿಸಿದ್ದು ಯಾಕೆ? ಮಳೆ ನಂಬಿದ ಖುಷ್ಕಿ ರೈತನಿಗೂ ಒಳ್ಳೆಯ ತಳಿಯ ಗಿಡ ಕೈಗೆಟುಕಲಿ ಅಂತ. ನಮ್ಮ ಸೀಮೆಯಲ್ಲಿ ಮಾವು ಇಷ್ಟು ಹಬ್ಬಿರುವುದರ ಹಿಂದೆ ಆ ಫಾರಂಗಳ ತಾಯಿಮರಗಳೂ ಇವೆ. ನೀನು ಆ ಸಾಲಿನ ಕೊನೆಯಲ್ಲಿ ನಿಲ್ಲುತ್ತಿದ್ದೀಯ, ಮೊದಲಲ್ಲಿ ಅಲ್ಲ.

ಇನ್ನು ಚೀಟಿಯ ವಿಷಯ. ಒರೆಗಾನ್ ಕಡೆ ರಾಯಲ್ ಆ್ಯನ್ ಅಂತ ಒಂದು ಚೆರ್ರಿ ಇದೆ, ಹಳದಿಯ ಮೇಲೆ ಕೆಂಪು ಬಳಿದಂಥದು. ಅದರ ನಿಜವಾದ ಹೆಸರು ನೆಪೋಲಿಯನ್, ಯುರೋಪಿನ ಹಳೆಯ ತಳಿ. ಲ್ಯುವೆಲಿಂಗ್‌ನ ಬಂಡಿಯಲ್ಲಿ ದಾರಿಯ ನಡುವೆ ಎಲ್ಲೋ ಅದರ ಚೀಟಿ ಬಿದ್ದುಹೋಯಿತು, ಗೊತ್ತಾಗದೆ ಬೇರೆ ಹೆಸರಿಟ್ಟು ಬೆಳೆಸಿದರು, ಆಮೇಲೆ ನಿಜ ತಿಳಿದರೂ ಊರವರ ಬಾಯಲ್ಲಿ ನಿಂತದ್ದು ಹೊಸ ಹೆಸರೇ ಅಂತ ಅಲ್ಲಿ ಹೇಳುತ್ತಾರೆ. ಎರಡು ಸಾವಿರ ಮೈಲಿ ಎತ್ತಿನ ಬಂಡಿಯಲ್ಲಿ ಬಂದ ಗಿಡ, ಹೋಗಲಿ, ಕ್ಷಮಿಸೋಣ. ತಳಿಯೂ ಒಳ್ಳೆಯದೇ ಆಗಿತ್ತು. ನಿನಗೆ ಆ ರಿಯಾಯಿತಿ ಇಲ್ಲ. ಎಲೆ ನೋಡಿ ರಸಪುರಿಯೋ ಬೇನಿಷಾವೋ ಅಂತ ಹೇಳುವ ಹಳಬರು ಇದ್ದಾರೆ. ಕವರಿನಲ್ಲಿರುವ ಎರಡು ಜೊತೆ ಎಲೆಯ ಕಸಿಯಲ್ಲಿ ಅವರೂ ತಡವರಿಸುತ್ತಾರೆ. ಆದ್ದರಿಂದ ಕಸಿಕಡ್ಡಿ ಮರದಿಂದ ಇಳಿದ ಕ್ಷಣದಲ್ಲೇ ಚೀಟಿ ಬೀಳಬೇಕು. ಎರಡು ತಳಿಯ ಕಡ್ಡಿ ಒಂದೇ ಒದ್ದೆ ಗೋಣಿಯಲ್ಲಿ ಬರಬಾರದು. ಒಂದು ತಳಿ ಕಟ್ಟಿ ಮುಗಿದು, ಕೂತ ಜಾಗ ಗುಡಿಸಿದ ಮೇಲೆಯೇ ಇನ್ನೊಂದು ತಳಿಯ ಕಟ್ಟು ಬಿಚ್ಚಬೇಕು. ಕಸಿ ಕಟ್ಟುವವರಿಗೆ ಗಿಡದ ಲೆಕ್ಕದಲ್ಲಿ ಕೂಲಿ ಕೊಡುತ್ತೀಯಲ್ಲ, ಬೆರೆಕೆಯಾಗುವುದು ಅಲ್ಲಿಯ ಆತುರದಿಂದಲೇ. ಯಾವುದೋ ಒಂದು ಸಾಲು ಗೊಂದಲವಾಯಿತೋ, ಆ ಸಾಲನ್ನು ಹೆಸರಿಲ್ಲದ ಗಿಡ ಅಂತ ಹೇಳಿಯೇ ಮಾರು, ಇಲ್ಲವೇ ತಿಪ್ಪೆಗೆ ಹಾಕು.

ಇನ್ನೊಂದು ಕಣ್ಣಿಟ್ಟು ನೋಡಬೇಕಾದ ಜಾಗ ಕಸಿಯ ಗಂಟು. ಮಳೆಗಾಲದಲ್ಲಿ ಒಂದು ವಾರ ಬಿಟ್ಟು ಹೋಗಿ ನೋಡು, ಗಂಟಿನ ಕೆಳಗಿಂದ ನಾಟಿ ಸಸಿಯ ಚಿಗುರು ತಾಮ್ರದ ಬಣ್ಣದಲ್ಲಿ ದಷ್ಟಪುಷ್ಟವಾಗಿ ಎದ್ದಿರುತ್ತೆ. ಮೇಲಿನ ಬಾದಾಮಿ ಕಡ್ಡಿ ಅದರ ಮುಂದೆ ಸೊರಗಿರುತ್ತೆ. ಚಿವುಟದೆ ಬಿಟ್ಟರೆ ಮೇಲಿನದು ಒಣಗಿ ಕೆಳಗಿನದೇ ಗಿಡವಾಗುತ್ತೆ. ನೋಡುವವರಿಗೆ ಹಸಿರಾದ ಒಳ್ಳೆಯ ಗಿಡ, ಗಿರಾಕಿ ಅದನ್ನೇ ಆರಿಸಿಕೊಂಡು ಹೋಗುತ್ತಾನೆ! ನೀನು ಬೇಕೆಂದು ಮೋಸ ಮಾಡಿಲ್ಲ, ಆದರೂ ಐದು ವರ್ಷದ ಮೇಲೆ ಆಗುವ ಮೋಸ ಅದೇ. ಇಂಥದ್ದು ಕಣ್ಣಿಗೆ ಬಿದ್ದಾಗ ಆಳನ್ನು ಕರೆಯಬೇಡ, ನೀನೇ ಚಿವುಟು. ಗಿಡ ಒಯ್ಯುವವನಿಗೂ ಗಂಟು ತೋರಿಸಿ, ಇದರ ಕೆಳಗೆ ಬಂದದ್ದನ್ನೆಲ್ಲ ತೆಗಿ, ಗಂಟು ಕೂಡಿದ ಮೇಲೆ ಪ್ಲಾಸ್ಟಿಕ್ ಪಟ್ಟಿ ಬಿಚ್ಚು, ನೆಡುವಾಗ ಗಂಟು ಮಣ್ಣಿನ ಮೇಲಿರಲಿ ಅಂತ ಹೇಳಿ ಕಳಿಸು. ಅವನು ಆಟೊದಲ್ಲಿ ಗಿಡ ತುಂಬುವ ಗಡಿಬಿಡಿಯಲ್ಲಿ ಹ್ಞೂಂ ಹ್ಞೂಂ ಅನ್ನುತ್ತಾನೆ. ಒಂದು ಚೀಟಿಯಲ್ಲಿ ಅಚ್ಚು ಹಾಕಿಸಿ ಜೇಬಿಗೂ ತುರುಕು.

ಆ ಬಿಂಗ್ ಚೆರ್ರಿಯ ಕಥೆ ಹೇಳದೆ ಬಿಟ್ಟರೆ ನಿಮ್ಮಜ್ಜಿ ಬೈಯುತ್ತಾಳೆ, ಅವಳಿಗೆ ಬಹಳ ಹಿಡಿಸಿದ ಕಥೆ. ಹೆಂಡರ್ಸನ್‌ನ ತಮ್ಮ ಸೆಥ್ ಎಂಬುವವನು ಅಣ್ಣನ ಹಿಂದೆಯೇ ಬಂದು ಮಿಲ್ವಾಕಿಯ ನರ್ಸರಿಯಲ್ಲಿ ಕೊನೆಯ ತನಕ ನಿಂತ. ಗುಲಾಮಗಿರಿ ವಿರೋಧಿಸುವವರನ್ನು ಆಗ ಎದುರಾಳಿಗಳು 'ಬ್ಲ್ಯಾಕ್ ರಿಪಬ್ಲಿಕನ್' ಅಂತ ಹಂಗಿಸುತ್ತಿದ್ದರು. ಸೆಥ್ 1860ರ ಹೊತ್ತಿಗೆ ಬೀಜದಿಂದ ಎಬ್ಬಿಸಿದ ತನ್ನ ಕಪ್ಪು ಚೆರ್ರಿಗೆ ಆ ಬೈಗುಳವನ್ನೇ ಹೆಸರಿಟ್ಟ, ಹಂಗಿಸಿದವರು ಚಪ್ಪರಿಸಿ ತಿನ್ನಲಿ ಅಂತ. ಆ ಚೆರ್ರಿಯ ಬೀಜದಿಂದ 1875ರಲ್ಲಿ ಇನ್ನೊಂದು ತಳಿ ಬಂತು. ಅದಕ್ಕೆ ತನ್ನ ಹೆಸರಿಟ್ಟುಕೊಳ್ಳಬಹುದಿತ್ತು. ತೋಟದ ಮೇಸ್ತ್ರಿಯಾಗಿದ್ದ 'ಆಹ್ ಬಿಂಗ್' ಎಂಬ ಚೀನೀ ಕೆಲಸಗಾರನ ಹೆಸರಿಟ್ಟ. ಆ ಗಿಡ ಬಿಂಗ್ ನೋಡಿಕೊಳ್ಳುತ್ತಿದ್ದ ಸಾಲಿನಲ್ಲಿ ಇತ್ತೆಂದು ಸೆಥ್‌ನ ಮನೆಯವರು ಹೇಳಿದ್ದಾರೆ. ಎತ್ತರದ ಆಳಂತೆ, ದೊಡ್ಡ ಆಳುಪಡೆಯನ್ನು ನಡೆಸುತ್ತಿದ್ದನಂತೆ. 1889ರಲ್ಲಿ ಹೆಂಡತಿ ಮಕ್ಕಳನ್ನು ನೋಡಿಬರಲು ಚೀನಾಕ್ಕೆ ಹೋದ. ಚೀನೀ ಕೂಲಿಯವರು ಅಮೆರಿಕಕ್ಕೆ ಬರಬಾರದೆಂದು 1882ರಲ್ಲೇ ಕಾಯಿದೆ ಆಗಿತ್ತು, ಹೋದವರೂ ಮರಳದಂತೆ 1888ರಲ್ಲಿ ಅದನ್ನು ಇನ್ನೂ ಬಿಗಿ ಮಾಡಿದ್ದರು. ಅವನು ತಿರುಗಿ ಬರಲಾಗಲಿಲ್ಲ. ಅವನ ಹೆಸರಿನ ಹಣ್ಣು ಮಾತ್ರ ಇಂದಿಗೂ ಅಮೆರಿಕದಲ್ಲಿ ಅತಿ ಹೆಚ್ಚು ಬೆಳೆಯುವ ಸಿಹಿ ಚೆರ್ರಿಗಳಲ್ಲೊಂದು. ನಿನ್ನ ಕಸಿ ಮೇಸ್ತ್ರಿ ಒಳ್ಳೆಯ ಗಿಡವೊಂದನ್ನು ಗುರುತಿಸಿ ತೋರಿಸಿದರೆ, ಅದು ಅವನು ಕಂಡದ್ದು ಅಂತ ನಾಲ್ಕು ಜನರ ಮುಂದೆ ಹೇಳು. ನಿನ್ನ ಪದವಿಗೆ ಅದರಿಂದ ಏನೂ ಕಡಿಮೆಯಾಗುವುದಿಲ್ಲ.

ಈಗ ಹೆಂಡರ್ಸನ್‌ನ ಹಟದ ಇನ್ನೊಂದು ಮುಖ. ಮಿಲ್ವಾಕಿಯಲ್ಲಿ ಎಲ್ಲ ಕೈಗೂಡಿದ ಮೇಲೆ 1854ರಲ್ಲಿ ಅದನ್ನು ಬಿಟ್ಟು ಕ್ಯಾಲಿಫೋರ್ನಿಯಾಕ್ಕೆ ಹೋದ. ಅಲ್ಲಿ ಹೊಸ ತೋಟ ಎಬ್ಬಿಸಿ ಫ್ರೂಟ್‌ವೇಲ್ ಅಂತ ಹೆಸರಿಟ್ಟ. ಅದು ಈಗ ಓಕ್‌ಲೆಂಡ್ ನಗರದ ಒಂದು ಬಡಾವಣೆ, ರೈಲು ನಿಲ್ದಾಣದ ಹೆಸರೂ ಅದೇ. ಇಲ್ಲಾದರೂ ನಿಂತನೇ? ಇಲ್ಲ. 1859ರಲ್ಲಿ ಎಲ್ಲರೂ ಸಮಾನರಾಗಿ ಬದುಕುವ ಹೊಸ ಸಮಾಜ ಕಟ್ಟುತ್ತೇವೆಂದು ಒಂದು ಗುಂಪು ಕಟ್ಟಿಕೊಂಡು, ಆಸ್ತಿ ಮಾರಿ, ಮಧ್ಯ ಅಮೆರಿಕದ ಹೊಂಡುರಾಸ್‌ಗೆ ಹೊರಟುಬಿಟ್ಟ. ಅದು ನಿಲ್ಲಲಿಲ್ಲ. ಗಂಟು ಕರಗಿಸಿಕೊಂಡು ವಾಪಸ್ ಬಂದ. ಆಸೆಯನ್ನು ನಾನು ತೆಗಳುವುದಿಲ್ಲ, ಗುಲಾಮರಿಗೆ ಮನೆ ತೆರೆದವನಿಗೆ ಅಂಥ ಆಸೆ ಬರುವುದು ಸಹಜವೇ. ಆದರೆ ಗಿಡ ಕೊಟ್ಟ ಊರಿನಲ್ಲಿ ಗಿಡ ಕೊಟ್ಟವನು ಇರಬೇಕು. ಫಲ ಬಂದ ವರ್ಷ ಹೊಗಳಲಿಕ್ಕೋ ಬೈಯಲಿಕ್ಕೋ ಹುಡುಕಿಕೊಂಡು ಬಂದವನಿಗೆ ನೀನು ಸಿಗಬೇಕು. ಅಣ್ಣ ತಂದ ಗಿಡಗಳು ತಳಿಗಳಾಗಿ ಹಬ್ಬಿದ್ದು ಕದಲದೆ ಕೂತ ತಮ್ಮ ಸೆಥ್‌ನ ದೆಸೆಯಿಂದ. ಇತಿಹಾಸದ ಪುಸ್ತಕದಲ್ಲಿ ಬಂಡಿ ಹೊಡೆದವನ ಚಿತ್ರ ದೊಡ್ಡದಾಗಿ ಬರುತ್ತೆ, ಅದು ಸಹಜ. ನನ್ನನ್ನು ಕೇಳಿದರೆ ನೀನು ಸೆಥ್ ಆಗು. ಹೆಂಡರ್ಸನ್ 1878ರಲ್ಲಿ ಸ್ಯಾನ್ ಹೋಸೆ ಹತ್ತಿರ ಮತ್ತೊಂದು ತೋಟಕ್ಕೆ ನೆಲ ಹಸನು ಮಾಡುತ್ತಿದ್ದಾಗ ತ್ರಾಣ ತಪ್ಪಿ ತೀರಿಕೊಂಡ. ಆಗ ಅವನಿಗೆ 69.

ಸರಿ, ಈಗ ನಿನ್ನ ಕೆಲಸಕ್ಕೆ ಬರೋಣ. ಕಸಿ ಕಟ್ಟುವ ಕಾಲ ಜೂನ್‌ನಿಂದ ಶುರುವಾಗುತ್ತೆ, ಅದರ ಗಡಿಬಿಡಿಯಲ್ಲಿ ಸಿಕ್ಕ ಮರದಿಂದ ಕಡ್ಡಿ ತರುವವರೇ ಹೆಚ್ಚು. ಎಲೆಯಷ್ಟೇ ಇರುವಾಗ ಎಲ್ಲ ಮರವೂ ಒಂದೇ. ನೀನು ಏಪ್ರಿಲ್, ಮೇ ತಿಂಗಳಲ್ಲಿ, ಮರದ ಮೇಲೆ ಕಾಯಿ ಇರುವಾಗಲೇ ಹೋಗಬೇಕು. ಸತತ ಮೂರು ಫಸಲು ಚೆನ್ನಾಗಿ ಬಿಟ್ಟ ಮರ ಯಾವುದು ಅಂತ ತೋಟದ ಯಜಮಾನನನ್ನು ಕೇಳಬೇಡ, ಅವನು ಎಲ್ಲ ಮರವೂ ಬಂಗಾರ ಅನ್ನುತ್ತಾನೆ. ಕಾಯಿ ಕೀಳುವವರನ್ನು ಕೇಳು, ಅವರಿಗೆ ಯಾವ ಮರ ಎಷ್ಟು ಕ್ರೇಟ್ ಅಂತ ಬಾಯಿಪಾಠ. ಹಣ್ಣು ಕೊಯ್ದು ತಿಂದು ನೋಡು, ಜೆಲ್ಲಿ ಕಟ್ಟಿದೆಯೋ, ಓಟೆಯ ಸುತ್ತ ಹುಳಿಯೋ ನೋಡು. ಮರಕ್ಕೆ ಬಣ್ಣದಲ್ಲಿ ನಂಬರು ಬರೆದು ನೋಟ್‌ಬುಕ್ಕಿನಲ್ಲಿ ದಾಖಲು ಮಾಡು. ಕಡ್ಡಿ ಬೇಕಾಗುವ ವಾರ ಹತ್ತು ದಿನ ಮುಂಚೆ ಹೋಗಿ ಎಲೆ ಸವರಿ ಬಾ, ಮೊಗ್ಗು ಉಬ್ಬಿದ ಮೇಲೆ ಕತ್ತರಿಸು. ಮಾರುವ ಪ್ರತಿ ಗಿಡದ ಚೀಟಿಯಲ್ಲೂ ತಳಿಯ ಹೆಸರಿನ ಕೆಳಗೆ ಆ ತಾಯಿಮರದ ನಂಬರು, ಕಸಿ ಕಟ್ಟಿದ ತಿಂಗಳು, ನಿನ್ನ ಫೋನ್ ನಂಬರು ಇರಲಿ. ಆ ನಂಬರನ್ನು ಬದಲಿಸಬೇಡ.

ನಿಮ್ಮಪ್ಪನ ಜೊತೆ ನಾನು ಮಾತಾಡುತ್ತೇನೆ. ಮೇ ಎರಡನೇ ವಾರ ಮರ ಆರಿಸಲು ಹೊರಡುವಾಗ ನನ್ನನ್ನೂ ಕರೆದುಕೊಂಡು ಹೋಗು. ಮರ ಹತ್ತಲಾರೆ, ಹಣ್ಣು ತಿಂದು ಹೇಳಬಲ್ಲೆ.